ಕಾರ್ಮಿನಳ ಅರ್ಜಿ

ದರ್ಬೆಯ ಲೋಬೊಗಳ ಮನೆಗೆ ಹಸಿದು ಬಂದವರು ಹಸಿದುಕೊಂಡೇ ಹೋದದ್ದಿಲ್ಲ. ಈ ಮಾತನ್ನು ಊರವರಿಗಿಂತ ಹೆಚ್ಚು ಲೋಬೊಗಳೇ ಹೇಳುತ್ತಿದ್ದರು ಎನ್ನುವುದು ಬೇರೆ ವಿಷಯ, ಮಾತು ಮಾತ್ರ ಸುಳ್ಳಲ್ಲ. ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ಉಪವಾಸಕಾಲಕ್ಕೆ ಅವರ ಕೊಂಕಣಿಯಲ್ಲಿ ಕರೆಜ್ಮ್ ಎನ್ನುತ್ತಾರೆ. ಆ ಕಾಲದ ಪ್ರತಿ ಶುಕ್ರವಾರ ಅವರ ಹಿಂದಿನ ಜಗಲಿಯಲ್ಲಿ ಹಂಡೆ ತುಂಬ ಕುಚಲಕ್ಕಿ ಗಂಜಿ, ಹೆಸರುಕಾಳಿನ ಗಸಿ, ಮಾವಿನ ಮಿಡಿ ಉಪ್ಪಿನಕಾಯಿ. ಯಾವ ಜಾತಿ, ಯಾವ ಊರು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಎಂಬತ್ತೊಂದು ವರ್ಷದ ಲೆತೀಸ್ ಬಾಯಿ ಕುರ್ಚಿ ಹಾಕಿ ಕೂತು, "ಇನ್ನೊಂದು ಸೌಟು ಹಾಕು, ಅವರು ನಾಚಿಕೆ ಮಾಡ್ತಾರೆ" ಎನ್ನುವರು. ಮಗ ಹೆರಾಲ್ಡ್ ತನ್ನ ಹಾರ್ಡ್‌ವೇರ್ ಅಂಗಡಿಯಿಂದ ಬಂದು ನಾಲ್ಕು ಜನಕ್ಕೆ ಬಡಿಸಿ, ಕೈ ಒರೆಸಿಕೊಂಡು ವಾಪಸು ಹೋಗುವನು. ಸೊಸೆ ಜೆಸಿಂತಾ ಹೈಸ್ಕೂಲು ಟೀಚರು, ಇಗರ್ಜಿಯ, ಎಂದರೆ ಚರ್ಚಿನ, ಸೇವಾ ಸಮಿತಿಗೆ ಕಾರ್ಯದರ್ಶಿ. ಯಾರಿಗೆ ಔಷಧಿ ಬೇಕು, ಯಾರ ಮಕ್ಕಳಿಗೆ ಫೀಸು ಬೇಕು ಎಂದು ಅವಳು ಬರೆದುಕೊಳ್ಳುವಳು. ಅಕ್ಕಿ ತೊಳೆದು, ಬೇಯಿಸಿ, ಹಂಡೆ ಇಳಿಸಿ, ಎಲ್ಲರಿಗೂ ಬಡಿಸಿ, ಕೊನೆಗೆ ಆ ಬಟ್ಟಲುಗಳನ್ನೆಲ್ಲ ತೊಳೆಯುವವಳು ಕಾರ್ಮಿನ್.

ಕಾರ್ಮಿನ್ ಯಾರೆಂದು ಹೊಸಬರು ಕೇಳಿದರೆ ಲೆತೀಸ್ ಬಾಯಿ, "ಮನೆಯವಳೇ" ಎಂದುಬಿಡುತ್ತಿದ್ದರು. ಐವತ್ತೊಂದು ವರ್ಷ ಹಿಂದೆ ಸುಳ್ಯದ ಕಡೆ ಅವಳ ತಾಯಿ ತೀರಿಹೋದಳು. ರಬ್ಬರ್ ತೋಟದ ಕೆಲಸಕ್ಕಿದ್ದ ತಂದೆ ಕುಡಿತಕ್ಕೆ ಬಿದ್ದ. ಆಗಿನ ಫಾದರು ಏಳು ವರ್ಷದ ಹುಡುಗಿಯನ್ನು ಬಸ್ಸಿನಲ್ಲಿ ಕರೆತಂದು ಲೆತೀಸ್ ಬಾಯಿಯ ಕೈಗೆ ಒಪ್ಪಿಸಿದರು. ಎಂಥ ಪುಣ್ಯದ ಕೆಲಸ ಎಂದು ಎಲ್ಲರೂ ಹೊಗಳಿದರು. ಹೆರಾಲ್ಡ್ ಆಗ ಒಂಬತ್ತು ತಿಂಗಳ ಮಗು, ಅವನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಗಿತ್ತು ಎನ್ನುವುದು ಹೊಗಳಿದವರಿಗೆ ಹೊಳೆಯಲಿಲ್ಲ.

ಕಾರ್ಮಿನಳಿಗೆ ಐವತ್ತೆಂಟಾದ ವರ್ಷ ಇಗರ್ಜಿಗೆ ಶತಮಾನೋತ್ಸವ. ಆ ನೆನಪಿಗೆಂದು ಕೊಯಿಲ ಎಂಬ ದೂರದ ಹಳ್ಳಿಯಲ್ಲಿ ಒಬ್ಬರು ದಾನ ಕೊಟ್ಟ ಹತ್ತು ಸೆಂಟ್ಸಿನಲ್ಲಿ ಎರಡು ಸಣ್ಣ ಮನೆ ಕಟ್ಟಿಸಿದ್ದರು. ಮನೆ ಮುಗಿದಿತ್ತು, ಯಾರಿಗೆ ಕೊಡುವುದೆಂದು ತೀರ್ಮಾನವಾಗಬೇಕಿತ್ತು. ಸ್ವಂತ ಜಾಗ ಇರಬಾರದು, ಮನೆ ಇರಬಾರದು, ನೋಡಿಕೊಳ್ಳುವವರು ಇರಬಾರದು, ಇಷ್ಟೇ ನಿಯಮ. ಕರೆಜ್ಮಿನ ಮೂರನೆಯ ವಾರ, ಒಂದು ಮಂಗಳವಾರ ಸಂಜೆ, ಜೆಸಿಂತಾ ಬಂದ ಅರ್ಜಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಳು. ಹೆರಾಲ್ಡ್ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ. ಅಡುಗೆಮನೆಯಲ್ಲಿ ಕಾರ್ಮಿನ್ ಬಂಗುಡೆ ಕಾಯಿಸುತ್ತಿದ್ದಳು.

"ಹನ್ನೊಂದು ಬಂದಿದೆ. ಎರಡು ಮನೆಗೆ ಹನ್ನೊಂದು ಜನ, ಪಾಪ" ಎಂದು ಜೆಸಿಂತಾ ಒಂದೊಂದೇ ಓದಿದಳು. ಏಳನೆಯದಕ್ಕೆ ಬಂದಾಗ ಕಾಗದವನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದಳು.

"ಎಂತ?" ಎಂದ ಹೆರಾಲ್ಡ್.

ಅವಳು ಕಾಗದವನ್ನು ಅವನ ಕಡೆ ತಳ್ಳಿದಳು. ಹೆಸರು: ಕಾರ್ಮಿನ್ ಡಿಸೋಜ. ವಯಸ್ಸು: ಐವತ್ತೆಂಟು. ಈಗಿನ ವಾಸ: ಲೋಬೊ ಮನೆ, ದರ್ಬೆ. ಸ್ವಂತ ಜಾಗ: ಇಲ್ಲ. ಸ್ವಂತ ಮನೆ: ಇಲ್ಲ. ಮನೆಯ ಸದಸ್ಯರು: ಯಾರೂ ಇಲ್ಲ. ಅಕ್ಷರ ದುಂಡಗೆ, ಚಂದ ಇತ್ತು. ಅದು ಅವರ ಮಗಳು ಪ್ರೀತಿಕಾಳ ಅಕ್ಷರ.

"ಪ್ರೀತಿಕಾ!" ಜೆಸಿಂತಾ ಕೂಗಿದ ಕೂಗಿಗೆ ಮಲಗಿದ್ದ ಲೆತೀಸ್ ಬಾಯಿಯೂ ಎದ್ದು ಬಂದರು.

ಪಿಯುಸಿ ಓದುವ ಪ್ರೀತಿಕಾ ಪೆನ್ನು ಹಿಡಿದುಕೊಂಡೇ ಬಂದಳು. "ಅವಳು ಬರೆದು ಕೊಡು ಅಂದಳು, ಬರೆದೆ. ಅವಳಿಗೆ ಬರೀಲಿಕ್ಕೆ ಬರುದಿಲ್ಲ ಅಲ್ವಾ? ಯಾರೂ ಕಲಿಸಲಿಲ್ಲ ಅಲ್ವಾ?"

"ಬಾಯಿ ಜಾಸ್ತಿ ಮಾಡಬೇಡ."

"ಕೇಳಿದ್ದಕ್ಕೆ ಹೇಳಿದ್ದು ಮಮ್ಮಿ."

ಹೆರಾಲ್ಡ್ ಕಾಗದವನ್ನು ತಾಯಿಗೆ ಓದಿ ಹೇಳಿದ. ಲೆತೀಸ್ ಬಾಯಿ ಕುರ್ಚಿ ಹಿಡಿದುಕೊಂಡು ಕೂತರು. "ಯಾರೂ ಇಲ್ಲವಾ? ಹಾಗಾದ್ರೆ ಇಲ್ಲಿರುವ ನಾವೆಲ್ಲ ಎಂತ, ಗೋಡೆಯಾ?"

ಕಾರ್ಮಿನ್ ಸಟ್ಟುಗ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಮುಖದಲ್ಲಿ ಹೆದರಿಕೆ ಇತ್ತು, ಆದರೆ ಹಿಂದೆ ಸರಿಯುವ ಲಕ್ಷಣ ಇರಲಿಲ್ಲ. "ಸದಸ್ಯರು ಯಾರು, ಸಂಬಂಧ ಎಂತ ಅಂತ ಆ ಕಾಗದದಲ್ಲಿ ಕೇಳಿತ್ತು ಬಾಯಿ. ಎಂತ ಬರಿಯುದು ಅಂತ ಪ್ರೀತಿಕಾ ಕೇಳಿದಳು. ನಾನು ತುಂಬ ಹೊತ್ತು ಆಲೋಚನೆ ಮಾಡಿದೆ. ನನಗೆ ಗೊತ್ತಾಗಲಿಲ್ಲ."

"ಕ್ರಿಸ್ಮಸಿಗೆ ಎರಡು ಸೀರೆ, ಮೊಂತಿ ಹಬ್ಬಕ್ಕೆ ಒಂದು. ಕಿವಿಗೆ ಬಂಗಾರ. ಕಣ್ಣಿನ ಆಪರೇಶನ್ ಯಾರು ಮಾಡಿಸಿದ್ದು?" ಜೆಸಿಂತಾ ಬೆರಳು ಮಡಚಿ ಎಣಿಸಿದಳು. "ಎಂತ ಕಡಿಮೆ ಮಾಡಿದ್ದೇವೆ ನಿನಗೆ?"

"ನೀವು ಕಡಿಮೆ ಮಾಡಿದ್ದೀರಿ ಅಂತ ನಾನು ಬರೆಸಲಿಲ್ಲ."

"ಊರವರು ಅದನ್ನೇ ಓದುದು!" ಎಂದ ಹೆರಾಲ್ಡ್. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾಳೆ ಅಂಗಡಿಗೆ ಬಂದೇ ಹೇಳ್ತಾರೆ. ನಿನಗೆ ಬೇರೆ ರೂಮು ಬೇಕಾದ್ರೆ ಹೇಳು ಮಾರಾಯ್ತಿ, ಟೆರೇಸಿನ ಮೇಲೆ ಕಟ್ಟಿಸ್ತೇನೆ. ಶೀಟು ಹಾಕಿಸ್ತೇನೆ, ಫ್ಯಾನು ಹಾಕಿಸ್ತೇನೆ."

"ಬಂಗುಡೆ ಕರಟ್ತದೆ ಹೆರಿ ಬಾಬ್" ಎಂದು ಕಾರ್ಮಿನ್ ಒಳಗೆ ಹೋದಳು. ತಾನೇ ಎತ್ತಿ ಆಡಿಸಿದವನನ್ನೂ ಅವಳು ಮರ್ಯಾದೆಗೆ 'ಬಾಬ್' ಸೇರಿಸಿಯೇ ಕರೆಯುತ್ತಿದ್ದಳು. ಬಂಗುಡೆ ಆಗಲೇ ಕರಟಿತ್ತು. ಆ ರಾತ್ರಿಯ ಊಟಕ್ಕೆ ಯಾರೂ ಮೀನು ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಇಬ್ಬರೇ ಇದ್ದಾಗ, ಕಾರ್ಮಿನ್ ಎಂದಿನಂತೆ ಲೆತೀಸ್ ಬಾಯಿಯ ಮೊಣಕಾಲಿಗೆ ಎಣ್ಣೆ ಹಚ್ಚಲು ಕೂತಳು. ಬಾಯಿ ಕಾಲು ಎಳೆದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕಾಲು ಮುಂದೆ ಚಾಚಿದರು, ನೋವು ಅಷ್ಟಿತ್ತು.

"ನಿಜ ಹೇಳು ಕಾರ್ಮಿನ್. ನಿನಗೆ ಇಲ್ಲಿ ಎಂತ ಆಯ್ತು? ಜೆಸಿಂತಾ ಎಂತಾದ್ರೂ ಹೇಳಿದಳಾ?"

"ಇಲ್ಲ ಬಾಯಿ."

"ಮತ್ತೆ?"

ಕಾರ್ಮಿನ್ ಎಣ್ಣೆ ತಿಕ್ಕುತ್ತಲೇ ಇದ್ದಳು. "ಶುಕ್ರವಾರ ಗಂಜಿಗೆ ಬರುತ್ತಾರಲ್ಲ, ಅವರು ಊಟ ಆದ ಮೇಲೆ ಎಂತ ಹೇಳಿ ಹೋಗುದು? ಲೆತೀಸ್ ಬಾಯಿಗೆ ದೇವರು ಒಳ್ಳೆಯದು ಮಾಡಲಿ. ಜೆಸಿಂತಾ ಟೀಚರಿಗೆ ಒಳ್ಳೆಯದಾಗಲಿ. ನಾನು, ಆಯ್ತು, ಹೇಳ್ತೇನೆ ಅಂತೇನೆ. ಮೂವತ್ತು ನಲವತ್ತು ವರ್ಷದಿಂದ ಹಾಗೇ ಅಂತಾ ಇದ್ದೇನೆ."

"ಅದಕ್ಕೆ?"

"ನನ್ನ ಕೈಯಿಂದ ಹೋದ ಗಂಜಿಗೆ ಲೆಕ್ಕ ಇಲ್ಲ ಬಾಯಿ. ಆದರೆ ನಾನು ಅಂತ ಇಷ್ಟರ ತನಕ ಯಾರಿಗೂ ಒಂದು ಲೋಟ ನೀರು ಕೊಡಲಿಲ್ಲ. ಕೊಟ್ಟದ್ದೆಲ್ಲ ನಿಮ್ಮದು. ಕೊಡ್ಲಿಕ್ಕೆ ನಮ್ಮದು ಅಂತ ಒಂದು ಒಲೆ ಬೇಕಲ್ಲ? ಸಾಯುದರ ಒಳಗೆ ಒಬ್ಬರಾದರೂ ಹಸಿದುಕೊಂಡು ನನ್ನ ಬಾಗಿಲಿಗೆ ಬರಬೇಕು ಅಂತ ಆಸೆ. ಬಂದ್ರೆ, ಬನ್ನಿ, ಕೂತುಕೊಳ್ಳಿ ಅಂತ ಹೇಳಬೇಕು. ಅಷ್ಟೆ."

ಲೆತೀಸ್ ಬಾಯಿಗೆ ಇದು ಹುಚ್ಚಿನಂತೆ ಕಂಡಿತು. ಮನೆ ಬೇಕು ಎನ್ನುವವರು ಮಳೆಗೆ ಸೋರುತ್ತದೆ ಎನ್ನುತ್ತಾರೆ, ಮಕ್ಕಳು ಹೊಡೆಯುತ್ತಾರೆ ಎನ್ನುತ್ತಾರೆ. ಇನ್ನೊಬ್ಬರಿಗೆ ಗಂಜಿ ಹಾಕಲು ಮನೆ ಬೇಕು ಎಂದವರನ್ನು ಅವರು ಕಂಡಿರಲಿಲ್ಲ. "ನನ್ನ ಕಾಲಿಗೆ ಯಾರು ಎಣ್ಣೆ ಹಚ್ಚುದು?" ಎಂದು ಮಾತ್ರ ಕೇಳಿದರು. ಕೇಳಿದ ಮೇಲೆ ಅವರಿಗೇ ನಾಚಿಕೆಯಾಗಿ ಗೋಡೆಯ ಕಡೆ ಮುಖ ಮಾಡಿದರು.

ಸಮಿತಿಯ ಸಭೆ ಭಾನುವಾರ ಪೂಜೆಯ ನಂತರ. ಶನಿವಾರ ಜೆಸಿಂತಾ ಅರ್ಜಿಗಳನ್ನು ಫೈಲಿಗೆ ಹಾಕಿದಳು. ಒಂದನ್ನು ಮಡಚಿ ತನ್ನ ಹ್ಯಾಂಡ್‌ಬ್ಯಾಗಿನ ಒಳಜೇಬಿಗೆ ಹಾಕಿದಳು. ಅವಳು ಕೆಟ್ಟವಳಲ್ಲ. ಒಂದು ತಿಂಗಳು ಹೋದರೆ ಕಾರ್ಮಿನ್ ಮರೆಯುತ್ತಾಳೆ, ಮನೆಯ ಮಾನವೂ ಉಳಿಯುತ್ತದೆ, ನಿಜವಾಗಿ ಬೀದಿಯಲ್ಲಿರುವ ಇನ್ನೊಬ್ಬರಿಗೆ ಮನೆ ಸಿಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಪ್ರೀತಿಕಾ ಪಕ್ಕದಲ್ಲಿ ಓದುತ್ತಿದ್ದವಳು ತಲೆ ಎತ್ತಿದಳು. "ಮಮ್ಮಿ, ಹನ್ನೊಂದು ಇದ್ದದ್ದು ಹತ್ತು ಹೇಗಾಯ್ತು?"

"ನಿನಗೆ ಪರೀಕ್ಷೆ ಇಲ್ವಾ?"

"ಉಂಟು. ಅದರಲ್ಲಿ ಹನ್ನೊಂದರಿಂದ ಒಂದು ಕಳೆಯುದು ಬರುದಿಲ್ಲ."

ಜೆಸಿಂತಾ ಮಗಳ ಮೇಲೆ ಕೈ ಎತ್ತಿದಳು, ಹೊಡೆಯಲಿಲ್ಲ. ಮರುದಿನ ಸಭೆಯಲ್ಲಿ ಒಂಬತ್ತು ಅರ್ಜಿ ಓದಿ ಮುಗಿಸಿದಳು, ಹತ್ತನೆಯದನ್ನೂ ಓದಿದಳು, ಆಮೇಲೆ ಬ್ಯಾಗಿಗೆ ಕೈ ಹಾಕಿ ಹನ್ನೊಂದನೆಯದನ್ನು ತೆಗೆದು ಮೇಜಿನ ಮೇಲಿಟ್ಟಳು.

ಅಧ್ಯಕ್ಷರು ಮೊಂತೇರೊ ಮಾಸ್ತರು. ಎಪ್ಪತ್ತು ದಾಟಿದವರು, ಕನ್ನಡಕದ ಮೇಲಿನಿಂದ ನೋಡಿ ಮಾತಾಡುವವರು. "ಇದು ನಿಮ್ಮ ಮನೆಯದ್ದಲ್ವಾ ಟೀಚರ್?"

"ಹೌದು ಮಾಸ್ತರೆ."

"ಅವಳು ನಿಮ್ಮ ಕುಟುಂಬದವಳು ಅಂತಾದರೆ ನೋಡಿಕೊಳ್ಳುವವರು ಇದ್ದಾರೆ, ಅರ್ಜಿ ನಿಲ್ಲುದಿಲ್ಲ. ಕುಟುಂಬದವಳು ಅಲ್ಲ ಅಂತಾದರೆ ಇವಳಷ್ಟು ಗತಿ ಇಲ್ಲದವರು ಈ ಹನ್ನೊಂದರಲ್ಲಿ ಇನ್ನೊಬ್ಬರಿಲ್ಲ. ಬೇರೆಯವರಿಗೆ ಅಣ್ಣನೋ ತಂಗಿಯೋ ಒಬ್ಬರಾದ್ರೂ ಇದ್ದಾರೆ. ನೀವೇ ಹೇಳಿ, ನಾವು ಬರೆದುಕೊಳ್ತೇವೆ."

ಒಂದು ಮಾತು ಸಾಕಿತ್ತು. ನಮ್ಮವಳೇ ಎಂದರೆ ಮುಗಿಯುತ್ತಿತ್ತು, ಎಲ್ಲರೂ ತಲೆಯಾಡಿಸಿ ಚಹಾ ಕುಡಿಯುತ್ತಿದ್ದರು. ಆದರೆ ಜೆಸಿಂತಾಳಿಗೆ ಹಿಂದಿನ ವರ್ಷ ಇಗರ್ಜಿಯವರು ಮನೆಮನೆಗೆ ಕೊಟ್ಟಿದ್ದ ಕುಟುಂಬದ ವಿವರದ ಹಾಳೆ ನೆನಪಾಯಿತು. ತುಂಬಿಸಿದ್ದು ಅವಳೇ. ಲೆತೀಸಿಯಾ ಲೋಬೊ, ಹೆರಾಲ್ಡ್ ಲೋಬೊ, ಜೆಸಿಂತಾ, ಪ್ರೀತಿಕಾ. ಕೆಳಗೆ 'ಮನೆಯಲ್ಲಿರುವ ಇತರರು' ಎನ್ನುವ ಸಾಲಿನಲ್ಲಿ ಕಾರ್ಮಿನ್. ಸಂಬಂಧ ಎನ್ನುವಲ್ಲಿ ಒಂದು ಕ್ಷಣವೂ ಯೋಚಿಸದೆ 'ಕೆಲಸಕ್ಕೆ' ಎಂದು ಬರೆದಿದ್ದಳು.

"ಕುಟುಂಬದವಳಲ್ಲ ಮಾಸ್ತರೆ" ಎಂದಳು ಜೆಸಿಂತಾ. ಮನೆಗೆ ಬಂದು ಆ ದಿನ ಅವಳು ಊಟ ಮಾಡಲಿಲ್ಲ. ಕಾರ್ಮಿನ್ ಎರಡು ಸಲ ಕರೆದಳು, ಮೂರನೆಯ ಸಲ ತಟ್ಟೆಗೆ ಹಾಕಿಯೇ ತಂದಳು. ಜೆಸಿಂತಾ ಅವಳ ಮುಖ ನೋಡಲಾಗದೆ ಅತ್ತಳು.

ಈಸ್ಟರ್ ಕಳೆದ ಭಾನುವಾರ ಫಾದರು ಕೊಯಿಲಕ್ಕೆ ಬಂದು ಎರಡೂ ಮನೆಗಳನ್ನು ಆಶೀರ್ವದಿಸಿ ಬೀಗದ ಕೈ ಕೊಟ್ಟರು. ಒಂದು ಮನೆ ಕಾರ್ಮಿನಳಿಗೆ, ಇನ್ನೊಂದು ಬೀಡಿ ಕಟ್ಟುವ ಸೀತು ಎಂಬ ಮುದುಕಿಗೆ ಸಿಕ್ಕಿತ್ತು. ಹೆರಾಲ್ಡ್ ಪಿಕಪ್ಪಿನಲ್ಲಿ ಗ್ಯಾಸು, ಮಂಚ, ಫ್ಯಾನು ಹಾಕಿಕೊಂಡು ಬಂದಿದ್ದ. ಬೇಡ ಎಂದರೂ ಕೇಳದೆ ನಲ್ಲಿ ತಾನೇ ಬಿಗಿದ, ಬಲ್ಬು ಹಾಕಿದ, ಹಾಕಿದ ಬಲ್ಬನ್ನು ಮತ್ತೆ ತೆಗೆದು ಹಾಕಿದ. ಹೊರಡುವಾಗ, "ಎಂತ ಬೇಕಾದ್ರೂ ಫೋನ್ ಮಾಡು, ಆಯ್ತಾ?" ಎಂದ. ಲೆತೀಸ್ ಬಾಯಿ ಬರಲಿಲ್ಲ. ಮೊಣಕಾಲು ನೋವು ಎಂದಿದ್ದರು. ಕಾರ್ಮಿನ್ ಹೊರಡುವಾಗ ಕೋಣೆಯ ಬಾಗಿಲಿಗೆ ಹೋಗಿ, "ಬರ್ತೇನೆ ಬಾಯಿ" ಎಂದಾಗ ಅವರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಿದ್ದರು.

ದರ್ಬೆಯ ಮನೆಗೆ ಪ್ರೇಮಾವತಿ ಎಂಬವಳನ್ನು ಗೊತ್ತು ಮಾಡಿದರು. ಒಳ್ಳೆಯ ಹೆಂಗಸು, ಚುರುಕು. ಎಂಟಕ್ಕೆ ಬರುವಳು, ಹನ್ನೆರಡಕ್ಕೆ ಹೊರಡುವಳು, ಭಾನುವಾರ ರಜೆ. ಚಹಾ ಕೊಟ್ಟರೆ ಕುರ್ಚಿಯಲ್ಲಿ ಕೂತು ಕುಡಿಯುವಳು. ಸಂಬಳ ಎಷ್ಟೆಂದು ಕೇಳಿದಾಗ ಹೆರಾಲ್ಡ್ ಒಮ್ಮೆ ಹೆಂಡತಿಯ ಮುಖ ನೋಡಿದ. ಐವತ್ತು ವರ್ಷ ಮನೆಯಲ್ಲಿ ಈ ಮಾತೇ ಎದ್ದಿರಲಿಲ್ಲ.

"ಗಸಿ ನೀರಾಗಿದೆ" ಎನ್ನುವರು ಲೆತೀಸ್ ಬಾಯಿ.

"ನಾಳೆ ದಪ್ಪ ಮಾಡ್ತೇನೆ ಅಮ್ಮ" ಎನ್ನುವಳು ಪ್ರೇಮಾವತಿ. ನಾಳೆ ದಪ್ಪ ಮಾಡಿದರೆ, ಗಂಟಾಗಿದೆ ಎನ್ನುವರು.

"ಮಾಂಯ್, ಎಂತಾದ್ರೂ ಸ್ವಲ್ಪ ತಿನ್ನಿ. ಮಾತ್ರೆ ಉಂಟಲ್ಲ?" ಎಂದು ಜೆಸಿಂತಾ ಸಮಿತಿಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಅತ್ತೆಗೆ ಹೇಳುವಳು. ಲೆತೀಸ್ ಬಾಯಿ ಎರಡು ತುತ್ತು ತಿಂದು ತಟ್ಟೆ ಸರಿಸುವರು. ಎಣ್ಣೆಯ ಸೀಸೆ ಹಾಗೇ ಇತ್ತು. ಹಚ್ಚುತ್ತೇನೆ ಎಂದು ಪ್ರೀತಿಕಾ ಬಂದರೆ, "ನಿನ್ನ ಕೈ ತಣ್ಣಗೆ" ಎಂದು ಕಳಿಸಿದರು. ಒಂದು ದಿನ ಬೆಳಿಗ್ಗೆ ಮರೆತು, "ಕಾರ್ಮಿನ್, ಬಿಸಿನೀರು" ಎಂದು ಕೂಗಿದರು. ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.

ಕೊಯಿಲದಲ್ಲಿ ಕಾರ್ಮಿನಳೂ ನಾಲ್ಕೂವರೆಗೇ ಏಳುತ್ತಿದ್ದಳು. ಎದ್ದು ಬಿಸಿನೀರು ಕಾಯಿಸಿ, ಯಾರಿಗೆ ಎಂದು ನೆನಪಾಗಿ ಸುಮ್ಮನೆ ಕೂರುವಳು. ಬಾಗಿಲಿನಿಂದ ನೋಡಿದರೆ ಸರಕಾರಿ ಫಾರ್ಮಿನ ಹುಲ್ಲುಗುಡ್ಡ, ಅಲ್ಲಿ ಮೇಯುವ ದನಗಳು. ಚಂದದ ಜಾಗ, ಬೇಕು ಎಂದದ್ದೂ ಅವಳೇ. ಆದರೂ ಬೆಳಗಿನ ಹೊತ್ತು ಲೆತೀಸ್ ಬಾಯಿಯ ಕೆಮ್ಮು ಕೇಳದೆ ಅವಳಿಗೆ ಬೆಳಗಾದಂತೆ ಅನಿಸುತ್ತಿರಲಿಲ್ಲ. ಅಷ್ಟು ವರ್ಷ ಕೂಗಿಸಿಕೊಂಡ ಹೆಸರನ್ನು ಯಾರೂ ಕೂಗದಿದ್ದರೆ ಹೇಗಾಗುತ್ತದೆ ಎಂದು ಅವಳು ಮೊದಲೇ ಯೋಚಿಸಿರಲಿಲ್ಲ.

ಮಧ್ಯಾಹ್ನ ಅವಳು ಇಬ್ಬರಿಗಾಗುವಷ್ಟು ಗಂಜಿ ಬೇಯಿಸುತ್ತಿದ್ದಳು. ಯಾರೂ ಬರಲಿಲ್ಲ. ಹಸಿದವರು ದೊಡ್ಡ ಮನೆ ನೋಡಿ ಬರುತ್ತಾರೆಯೇ ಹೊರತು, ದಾನಕ್ಕೆ ಕಟ್ಟಿಸಿದ ಮನೆಗೆ ಯಾರು ಬಂದಾರು? ಮೊದಲ ವಾರ ಒಂದು ಬಟ್ಟಲು ಗಸಿಯನ್ನು ಸೀತುವಿಗೆ ಕೊಟ್ಟಳು. ಸಂಜೆಗೆ ಸೀತು ಅದೇ ಬಟ್ಟಲಿನ ತುಂಬ ಹಲಸಿನ ಸೊಳೆ ಹಾಕಿ ತಂದಳು.

"ನೀನು ವಾಪಸು ಕೊಡಬೇಕು ಅಂತ ನಾನು ಕೊಟ್ಟದ್ದಲ್ಲ ಮಾರಾಯ್ತಿ" ಎಂದಳು ಕಾರ್ಮಿನ್ ಬೇಸರದಿಂದ.

"ಖಾಲಿ ಬಟ್ಟಲು ಹೇಗೆ ಕೊಡುದು?" ಸೀತು ನಕ್ಕಳು. "ನಾನೆಂತ ಭಿಕ್ಷೆಯವಳಾ? ನಿನ್ನ ಹಾಗೆ ನನಗೂ ಮನೆ ಉಂಟು."

ಉಳಿದ ಗಂಜಿಯನ್ನು ಕಾರ್ಮಿನ್ ರಾತ್ರಿಗೆ ತಾನೇ ಉಣ್ಣುವಳು. ಹೀಗೆ ಐದು ವಾರ ಕಳೆಯಿತು.

ಮೇ ತಿಂಗಳ ಕೊನೆಯ ಒಂದು ಬುಧವಾರ ಲೆತೀಸ್ ಬಾಯಿ ಚಪ್ಪಲಿ ಹಾಕಿ, ಇಗರ್ಜಿಗೆ ಹೋಗಿ ಬರ್ತೇನೆ ಎಂದು ಪ್ರೇಮಾವತಿಗೆ ಹೇಳಿ ಹೊರಬಿದ್ದರು. ರಸ್ತೆಗೆ ಬಂದು, ಪರಿಚಯದ ಡೊಂಬಯ್ಯನ ರಿಕ್ಷಾ ಹತ್ತಿ, "ಕೊಯಿಲಕ್ಕೆ ಬಿಡು" ಎಂದರು.

"ಅಷ್ಟು ದೂರ? ಮನೆಯಲ್ಲಿ ಗೊತ್ತುಂಟಾ ಅಮ್ಮ?"

"ನನಗೆ ಎಂಬತ್ತೊಂದು. ನಿನ್ನ ರಿಕ್ಷಾ ಹತ್ತಲಿಕ್ಕೆ ಯಾರ ಅಪ್ಪಣೆ ಬೇಕು?"

ಕೊಯಿಲ ತಲುಪುವಾಗ ಮಧ್ಯಾಹ್ನದ ಒಂದು ಗಂಟೆ ದಾಟಿತ್ತು. ಕಾರ್ಮಿನ್ ಒಲೆಯಿಂದ ಗಂಜಿ ಇಳಿಸಿ ತಿರುಗಿ ನೋಡಿದರೆ, ಬಾಗಿಲ ಹೊರಗೆ ಮೆಟ್ಟಿಲ ಬಳಿ ಗೋಡೆ ಹಿಡಿದುಕೊಂಡು ಲೆತೀಸ್ ಬಾಯಿ ನಿಂತಿದ್ದಾರೆ. ಸೊರಗಿ ಹೋಗಿದ್ದರು, ರವಿಕೆಯ ಕೈ ಸಡಿಲವಾಗಿತ್ತು. ಕಾರ್ಮಿನಳಿಗೆ ಓಡಿ ಹೋಗಿ ಅಪ್ಪಿಕೊಳ್ಳಬೇಕು ಎನಿಸಿತು. ಆದರೆ ಅಂಥ ರೂಢಿ ಅವರಿಬ್ಬರ ನಡುವೆ ಎಂದೂ ಇರಲಿಲ್ಲ.

"ಒಳಗೆ ಬರಬಹುದಾ?" ಎಂದು ಕೇಳಿದರು ಲೆತೀಸ್ ಬಾಯಿ.

"ಬನ್ನಿ ಬಾಯಿ. ಕೂತುಕೊಳ್ಳಿ" ಎಂದಳು ಕಾರ್ಮಿನ್. ಮಂಚದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದಳು.

ಬಾಯಿ ಮಂಚದ ತುದಿಯಲ್ಲಿ ಕೂತು ನಾಲ್ಕೂ ಗೋಡೆ ನೋಡಿದರು. "ನಾನು ನಿನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು. ಅಲ್ಲಿ ಯಾವುದೂ ಸರಿ ಇಲ್ಲ. ನನಗೆ ಊಟ ಸೇರುದಿಲ್ಲ."

"ಬೆಳಿಗ್ಗೆ ಎಂತ ತಿಂದದ್ದು?"

"ಎಂತದೂ ಇಲ್ಲ." ಅವರು ಒಲೆಯ ಕಡೆ ನೋಡಿದರು. "ಹಸಿವಾಗ್ತದೆ ಕಾರ್ಮಿನ್."

ಕಾರ್ಮಿನ್ ಬಟ್ಟಲಿಗೆ ಬಿಸಿ ಗಂಜಿ ಬಡಿಸಿದಳು. ಗಸಿ, ಒಣಮೀನಿನ ಚಟ್ನಿ, ಒಂದು ಮಿಡಿ. ಬಾಯಿ ತಲೆ ಬಗ್ಗಿಸಿ ಉಣ್ಣತೊಡಗಿದರು. ಮೊದಲ ಬಟ್ಟಲು ಮುಗಿಯಿತು. ಎರಡನೆಯ ಬಟ್ಟಲಿಗೆ, "ನೀನು ಬರುದಿಲ್ಲ ಅಲ್ವಾ?" ಎಂದು ಕೇಳಿದರು.

"ಇಲ್ಲ ಬಾಯಿ. ಇನ್ನೊಂದು ಸೌಟು ಹಾಕ್ಲಾ?"

"ಹಾಕು."

ಉಂಡು, ಕೈ ತೊಳೆದು, ಅಲ್ಲೇ ಮಂಚದ ಮೇಲೆ ಸ್ವಲ್ಪ ಒರಗುತ್ತೇನೆ ಎಂದವರು ಎರಡು ನಿಮಿಷದಲ್ಲಿ ನಿದ್ದೆ ಹೋದರು. ಕಾರ್ಮಿನ್ ಫ್ಯಾನು ಹಾಕಿದಳು. ಅವರ ಸೀರೆಯ ನೆರಿಗೆ ಸರಿಮಾಡಿ, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು, ನಿದ್ದೆ ಕೆಡದಂತೆ ಮೊಣಕಾಲಿಗೆ ಹಚ್ಚಿದಳು. ಯಾರೂ ಹೇಳಿರಲಿಲ್ಲ, ಯಾರೂ ಕೂಗಿರಲಿಲ್ಲ. ಹಚ್ಚುತ್ತ ಹಚ್ಚುತ್ತ ಅವಳ ಕಣ್ಣು ತುಂಬಿ ಬಂತು.

ಮೂರು ಗಂಟೆಗೆ ಹೆರಾಲ್ಡನ ಬೈಕು ಬಂದು ನಿಂತಿತು. ಇಗರ್ಜಿ, ಮಾರ್ಕೆಟ್ಟು, ಬಸ್‌ಸ್ಟ್ಯಾಂಡು ಎಲ್ಲ ಹುಡುಕಿ, ಕೊನೆಗೆ ಡೊಂಬಯ್ಯ ಸಿಕ್ಕಿ ಹೇಳಿದ್ದನಂತೆ. ಶರ್ಟು ಬೆವರಿ ಒದ್ದೆಯಾಗಿತ್ತು. "ಮಾಂಯ್ ಇಲ್ಲಿದ್ದಾರಾ? ಜೆಸಿಂತಾ ಅಲ್ಲಿ ಅಳ್ತಾ ಇದ್ದಾಳೆ. ಎಬ್ಬಿಸು, ರಿಕ್ಷಾ ಹಿಂದೆಯೇ ಬರ್ತಾ ಉಂಟು, ಹೋಗುವ" ಎನ್ನುತ್ತ ಮೆಟ್ಟಿಲು ಹತ್ತಿದ.

ಕಾರ್ಮಿನ್ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. ಹಾಗೆ ಅವನಿಗೆ ಅಡ್ಡ ನಿಂತದ್ದು ಅವಳ ಆಯುಷ್ಯದಲ್ಲೇ ಇಲ್ಲ.

"ಮೆಲ್ಲಗೆ ಮಾತಾಡು. ಊಟ ಮಾಡಿ ಮಲಗಿದ್ದಾರೆ" ಎಂದಳು. "ನಮ್ಮ ಮನೆಗೆ ಬಂದವರನ್ನು ನಿದ್ದೆಯಿಂದ ಎಬ್ಬಿಸಿ ಕಳಿಸುವ ಕ್ರಮ ಇಲ್ಲ. ಕೂತುಕೋ ಹೆರಿ. ನಿನಗೂ ಬಡಿಸ್ತೇನೆ."

ಹೆರಾಲ್ಡ್ ಅವಳ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಚಪ್ಪಲಿ ಕಳಚಿಟ್ಟು, ನಲ್ಲಿ ಬಿಗಿದವನು ತಾನೇ ಆದರೂ ನೆಂಟನ ಹಾಗೆ, ಕಾಲು ತೊಳೆಯಲು ನೀರು ಎಲ್ಲಿದೆ ಎಂದು ಕೇಳಿದ.